ಹತ್ತಿರದ ಬಂದರಿನಿಂದ ಹೊರಡುವ ಕ್ರೂಸ್ ಹಡಗನ್ನು ಆರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕ್ರೂಸ್ ಪ್ರವಾಸದ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಹಡಗಿನ ಚಿತ್ರಗಳನ್ನು ನೋಡುತ್ತಾರೆ. ಮನಸ್ಸು ಒಂದು ಹಡಗಿನ ಮೇಲೆ ಕುಳಿತ ನಂತರ ಅದು ಹೊರಡುವುದು ಎಲ್ಲಿಂದ ಎಂದು ಹುಡುಕುತ್ತಾರೆ. ವಿಮಾನ ಹತ್ತಿ ಎಲ್ಲಿಗಾದರೂ ಹೋಗಲು ಸಿದ್ಧರಿರುವವರಿಗೆ ಈ ಕ್ರಮ ಸರಿ. ಮನೆಯಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಬಂದರಿನಿಂದಲೇ ಹೊರಡಬೇಕು ಎಂದುಕೊಂಡವರಿಗೆ ಮಾತ್ರ ಇದು ತಲೆಕೆಳಗಾದ ಕ್ರಮ. ಏಕೆಂದರೆ ಅಂಥವರ ಪಾಲಿಗೆ ಅರ್ಧ ಆಯ್ಕೆಯನ್ನು ಬಂದರೇ ಮಾಡಿ ಮುಗಿಸಿರುತ್ತದೆ. ಎಷ್ಟು ದೊಡ್ಡ ಹಡಗು ಒಳಗೆ ಬರಬಹುದು, ಯಾವ ತಿಂಗಳುಗಳಲ್ಲಿ ಬರುತ್ತದೆ, ನಾಲ್ಕು ರಾತ್ರಿಗಳಲ್ಲಿ ಎಷ್ಟು ದೂರ ಹೋಗಿ ಮರಳಬಹುದು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಉಳಿದ ಅರ್ಧವಷ್ಟೇ ನಮ್ಮ ಕೈಯಲ್ಲಿರುವುದು. ಆದ್ದರಿಂದ ಬಂದರಿನಿಂದ ಶುರು ಮಾಡಿ, ದಾರಿ, ಹಡಗು, ಕ್ಯಾಬಿನ್, ಖರ್ಚು ಎಂಬ ಕ್ರಮದಲ್ಲಿ ಮುಂದೆ ಹೋಗೋಣ.

1. ‘ಹತ್ತಿರ’ ಎಂದರೆ ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವ ಊರಿನ ಹೆಸರನ್ನು ನೆಚ್ಚಿಕೊಳ್ಳಬೇಡಿ. ‘ರೋಮ್‌ನಿಂದ’ ಎಂದು ಮಾರಾಟವಾಗುವ ಹಡಗುಗಳು ಹೊರಡುವುದು ಚಿವಿಟಾವೆಕ್ಕಿಯಾ ಬಂದರಿನಿಂದ. ಅದು ರೋಮ್ ನಗರದಿಂದ 70–80 ಕಿಲೋಮೀಟರ್ ದೂರವಿದೆ. ‘ಲಂಡನ್’ ಎಂದು ಬರೆದಿರುವ ಎಷ್ಟೋ ಯಾನಗಳ ನಿಜವಾದ ಬಂದರು ಸೌತಾಂಪ್ಟನ್. ರಸ್ತೆಯಲ್ಲಿ ಅದು ಸುಮಾರು 130 ಕಿಲೋಮೀಟರ್. ಸೌತಾಂಪ್ಟನ್ ತಲುಪಿದರೂ ಕೆಲಸ ಮುಗಿಯಲಿಲ್ಲ. ಅಲ್ಲಿ ಐದು ಕ್ರೂಸ್ ಟರ್ಮಿನಲ್‌ಗಳಿದ್ದು, ನಿಮ್ಮ ಹಡಗು ಯಾವುದರಲ್ಲಿ ನಿಂತಿದೆ ಎಂಬುದು ಟಿಕೆಟ್‌ನಲ್ಲಿರುತ್ತದೆ.

ಮನೆಬಾಗಿಲಿನಿಂದ ಟರ್ಮಿನಲ್ ಬಾಗಿಲಿನವರೆಗಿನ ಸಮಯವನ್ನು ಗಂಟೆಗಳಲ್ಲಿ ಬರೆದುಕೊಳ್ಳಿ. ಹೊರಡುವ ದಿನ ವಾರಾಂತ್ಯವೋ ಕೆಲಸದ ದಿನವೋ ನೋಡಿ, ವಾಹನ ದಟ್ಟಣೆಗೆ ಒಂದಿಷ್ಟು ಸೇರಿಸಿ. ತಪಾಸಣೆಯ ಬಾಗಿಲು ಹಡಗು ಹೊರಡುವ ಹೊತ್ತಿಗಲ್ಲ, ಅದಕ್ಕಿಂತ ಒಂದು–ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಈ ಮೊತ್ತ ನಾಲ್ಕು ಗಂಟೆಯೊಳಗಿದ್ದರೆ ಅದೇ ಬೆಳಿಗ್ಗೆ ಮನೆಯಿಂದ ಹೊರಡಬಹುದು. ಆರು ಗಂಟೆ ದಾಟಿದರೆ ಹಿಂದಿನ ರಾತ್ರಿ ಬಂದರಿನ ಊರಿನಲ್ಲಿ ತಂಗುವುದೇ ಜಾಣತನ, ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಹತ್ತಿರದ ಬಂದರಿನ ನಿಜವಾದ ಲಾಭ ವಿಮಾನದ ಟಿಕೆಟ್ ಹಣ ಉಳಿಯುವುದಷ್ಟೇ ಅಲ್ಲ. ವಿಮಾನ ತಡವಾಗಿ ಹಡಗು ತಪ್ಪುವ ಭಯವಿಲ್ಲ, ಲಗೇಜ್ ತೂಕದ ತಲೆನೋವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ದಿನ ಹತ್ತಿರವಾದಾಗ ಖಾಲಿ ಉಳಿದ ಕ್ಯಾಬಿನ್‌ಗಳ ಬೆಲೆ ಇಳಿದರೆ ಅದನ್ನು ಬಳಸಿಕೊಳ್ಳುವ ಅವಕಾಶ ನಿಮಗಿದೆ. ದೂರದವರಿಗೆ ಕೊನೆ ಗಳಿಗೆಯ ವಿಮಾನ ಟಿಕೆಟ್ ಆ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ.

2. ಬಂದರಿನ ವೇಳಾಪಟ್ಟಿ ತೆಗೆಯಿರಿ

ಹೆಚ್ಚಿನವರು ನೋಡದೆ ಬಿಡುವ ಕಾಗದ ಇದು. ಬಹುತೇಕ ಬಂದರುಗಳು ಮುಂದಿನ ತಿಂಗಳುಗಳಲ್ಲಿ ಬರಲಿರುವ ಕ್ರೂಸ್ ಹಡಗುಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಹಡಗಿನ ಹೆಸರು, ದಿನಾಂಕ, ಬರುವ ಹೊತ್ತು, ಹೊರಡುವ ಹೊತ್ತು, ಟರ್ಮಿನಲ್ ಎಲ್ಲ ಅಲ್ಲಿರುತ್ತವೆ. ಪ್ರವಾಸ ಕಂಪನಿಗಳು ತಾವು ಮಾರುವ ಹಡಗುಗಳನ್ನು ಮಾತ್ರ ತೋರಿಸುತ್ತವೆ. ಬಂದರಿನ ಪಟ್ಟಿಯಲ್ಲಿ ಎಲ್ಲವೂ ಇರುತ್ತವೆ.

ಪಟ್ಟಿಯನ್ನು ಓದುವುದಕ್ಕೊಂದು ಕ್ರಮವಿದೆ. ಒಂದೇ ಹಡಗಿನ ಹೆಸರು ಪ್ರತಿ ನಾಲ್ಕು, ಐದು ಅಥವಾ ಏಳು ದಿನಗಳಿಗೊಮ್ಮೆ ಮರಳಿ ಬರುತ್ತಿದ್ದರೆ ಆ ಹಡಗಿಗೆ ಅದು ತವರು ಬಂದರು, ಅಂದರೆ ಹೋಮ್ ಪೋರ್ಟ್. ಅಲ್ಲಿಂದ ಹತ್ತಿ ಅಲ್ಲಿಯೇ ಇಳಿಯಬಹುದು. ಹೆಸರು ಒಮ್ಮೆ ಮಾತ್ರ ಕಾಣಿಸಿದರೆ ಅದು ಬಹುಶಃ ಬೇರೆಡೆಯಿಂದ ಬಂದು ಒಂದು ಹಗಲು ನಿಂತು ಹೋಗುವ ಹಡಗು, ನಿಮಗೆ ಅದರಿಂದ ಉಪಯೋಗವಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಸಂಜೆ ನಾಲ್ಕೈದಕ್ಕೆ ಹೊರಡುವುದು ಪ್ರಯಾಣಿಕರನ್ನು ಬದಲಾಯಿಸುವ ದಿನದ ಲಕ್ಷಣ. ಹತ್ತು ಗಂಟೆಯ ಹೊತ್ತಿಗೆ ಹಳಬರು ಇಳಿದು, ಹನ್ನೊಂದರ ಸುಮಾರಿಗೆ ಹೊಸಬರು ಏರತೊಡಗುತ್ತಾರೆ. ಒಂದೇ ದಿನ ಮೂರು ದೊಡ್ಡ ಹಡಗುಗಳಿದ್ದರೆ ಆ ದಿನ ರಸ್ತೆಯೂ ಪಾರ್ಕಿಂಗೂ ಸಾಲುಗಳೂ ಸಹನೆಯನ್ನು ಪರೀಕ್ಷಿಸುತ್ತವೆ.

ಋತುಮಾನವೂ ಇಲ್ಲಿಯೇ ಗೊತ್ತಾಗುತ್ತದೆ. ಹಡಗುಗಳು ಹವೆಯನ್ನು ಹಿಂಬಾಲಿಸುತ್ತವೆ. ಬೇಸಿಗೆಯಲ್ಲಿ ಮೆಡಿಟರೇನಿಯನ್‌ನಲ್ಲೋ ಅಲಾಸ್ಕಾದಲ್ಲೋ ಇದ್ದದ್ದು ಚಳಿಗಾಲಕ್ಕೆ ಕೆರಿಬಿಯನ್‌ಗೆ ಹೊರಡುತ್ತದೆ. ಹೀಗೆ ನೆಲೆ ಬದಲಿಸುವಾಗಿನ ಒಮ್ಮುಖ ಯಾನಗಳು ಅಗ್ಗವೆನಿಸಬಹುದು, ಆದರೆ ಇಳಿಯುವುದು ಇನ್ನೊಂದು ಖಂಡದಲ್ಲಿ. ಹತ್ತಿರದ ಬಂದರು ಆರಿಸಿದ ಉದ್ದೇಶವೇ ಅಲ್ಲಿಗೆ ಮುಗಿಯಿತು. ಅದರ ಬದಲು ಋತುವಿನ ಮೊದಲ ಎರಡು ವಾರ ಮತ್ತು ಕೊನೆಯ ಎರಡು ವಾರಗಳ ಮೇಲೆ ಕಣ್ಣಿಡಿ. ಶಾಲಾ ರಜೆಯ ಹೊರಗೆ ಬಿದ್ದರೆ ಬೆಲೆಯೂ ಜನಸಂದಣಿಯೂ ಕಡಿಮೆ.

ಪಟ್ಟಿಯಲ್ಲಿ ಅತಿದೊಡ್ಡ ಹಡಗುಗಳೇ ಇಲ್ಲದಿದ್ದರೆ ಕಾರಣ ಭೂಗೋಳವಿರಬಹುದು. ಅಮೆರಿಕದ ಫ್ಲೋರಿಡಾದಲ್ಲಿರುವ ಟ್ಯಾಂಪಾ ಬಂದರಿಗೆ ಹೋಗುವ ಹಡಗು ಸನ್‌ಶೈನ್ ಸ್ಕೈವೇ ಸೇತುವೆಯ ಕೆಳಗೆ ನುಸುಳಬೇಕು. ಅಲ್ಲಿ ನೀರಿನಿಂದ ಸೇತುವೆಗೆ ಇರುವ ಎತ್ತರ ಸುಮಾರು 55 ಮೀಟರ್, ಹಾಗಾಗಿ ಈಗಿನ ಅತಿಎತ್ತರದ ಹಡಗುಗಳಿಗೆ ಅಲ್ಲಿ ಪ್ರವೇಶವಿಲ್ಲ. ಸಿಡ್ನಿಯಲ್ಲಿಯೂ ಹಾಗೆಯೇ. 49 ಮೀಟರ್ ಎತ್ತರದ ಹಾರ್ಬರ್ ಸೇತುವೆ ದಾಟಲಾಗದ ಹಡಗುಗಳು ಸೇತುವೆಗಿಂತ ಮೊದಲೇ ಸಿಗುವ ಸರ್ಕ್ಯುಲರ್ ಕೀ ಎಂಬ ಧಕ್ಕೆಯಲ್ಲಿ ನಿಲ್ಲುತ್ತವೆ. ಮಧ್ಯಮ ಗಾತ್ರದ ಹಡಗಷ್ಟೇ ಸಿಕ್ಕಿತೆಂದು ಕೊರಗಬೇಕಾಗಿಲ್ಲ. ಅದರಲ್ಲಿ ಏರಿಳಿಯುವ ಸಾಲು ಚಿಕ್ಕದು, ಸಣ್ಣ ಬಂದರುಗಳೊಳಗೆ ಹೋಗುವ ಅವಕಾಶ ಹೆಚ್ಚು.

3. ನಕ್ಷೆಯ ಮೇಲೆ ವೃತ್ತ ಎಳೆಯಿರಿ

ಕ್ರೂಸ್ ಹಡಗುಗಳ ಸಾಮಾನ್ಯ ವೇಗ 20 ನಾಟ್ ಆಸುಪಾಸು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಸಂಜೆ ಐದಕ್ಕೆ ಹೊರಟು ಮರುದಿನ ಬೆಳಿಗ್ಗೆ ಎಂಟಕ್ಕೆ ತಲುಪುವ ಹಡಗಿಗೆ ಸಿಗುವುದು 15 ಗಂಟೆ, ಅಂದರೆ ಹೆಚ್ಚೆಂದರೆ 300 ನಾಟಿಕಲ್ ಮೈಲು ಅಥವಾ ಸುಮಾರು 555 ಕಿಲೋಮೀಟರ್. ಬಂದರಿನ ಒಳಹೊರಗೆ ನಿಧಾನವಾಗಿ ಸಾಗುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ನಿಮ್ಮ ಬಂದರನ್ನು ಕೇಂದ್ರವಾಗಿಟ್ಟುಕೊಂಡು ನಕ್ಷೆಯಲ್ಲಿ 500 ಕಿಲೋಮೀಟರ್‌ನ ವೃತ್ತ ಎಳೆದು ನೋಡಿ. ಮೂರು ರಾತ್ರಿಯ ಯಾನ ಮುಟ್ಟಬಲ್ಲ ಊರುಗಳೆಲ್ಲ ಹೆಚ್ಚುಕಡಿಮೆ ಆ ವೃತ್ತದೊಳಗಿರುತ್ತವೆ. ಒಂದು ಪೂರ್ತಿ ದಿನ ಸಮುದ್ರದಲ್ಲೇ ಕಳೆಯಲು ಸಿದ್ಧರಿದ್ದರೆ ವೃತ್ತ ಹಿಗ್ಗುತ್ತದೆ. ವೃತ್ತದೊಳಗೆ ನೋಡಬೇಕೆನಿಸುವ ಊರೇ ಇಲ್ಲದಿದ್ದರೆ ಆ ಬಂದರಿನಿಂದ ಚಿಕ್ಕ ಯಾನ ಹೋಗುವುದು ಹಡಗಿಗಾಗಿ, ಊರಿಗಾಗಿ ಅಲ್ಲ ಎಂದು ಮೊದಲೇ ಒಪ್ಪಿಕೊಳ್ಳಬೇಕು.

ವೃತ್ತ ಯಾವಾಗಲೂ ಪೂರ್ತಿ ಸತ್ಯ ಹೇಳುವುದಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರು ಸಮುದ್ರದಿಂದ ಸುಮಾರು 160 ಕಿಲೋಮೀಟರ್ ಒಳಗೆ ಮಿಸಿಸಿಪಿ ನದಿಯ ದಂಡೆಯಲ್ಲಿದೆ. ಅಲ್ಲಿಂದ ಹೊರಟ ಹಡಗು ಕಡಲು ಕಾಣುವ ಮೊದಲು ಹಲವು ಗಂಟೆಗಳನ್ನು ನದಿಯಲ್ಲಿಯೇ ಕಳೆಯುತ್ತದೆ, ಮರಳುವಾಗಲೂ ಅಷ್ಟೇ. ನದಿಯಾನ ಇಷ್ಟಪಡುವವರಿಗೆ ಅದೊಂದು ಹೆಚ್ಚುವರಿ ಖುಷಿ, ಊರು ನೋಡುವ ಆತುರದವರಿಗೆ ನಷ್ಟ.

ಕಾನೂನೂ ದಾರಿಯನ್ನು ತಿರುಗಿಸುತ್ತದೆ. ಅಮೆರಿಕದಲ್ಲಿ 1886ರ ಪ್ರಯಾಣಿಕ ಹಡಗು ಕಾಯ್ದೆಯ ಪ್ರಕಾರ ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ, ಹಡಗು ದೇಶದ ಬಂದರುಗಳ ನಡುವೆಯಷ್ಟೇ ಓಡಾಡುವಂತಿಲ್ಲ, ನಡುವೆ ವಿದೇಶದ ಬಂದರೊಂದನ್ನು ಮುಟ್ಟಲೇಬೇಕು. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿ ಬರುವ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಎಷ್ಟೋ ಸಲ ಸಂಜೆ ಹೊತ್ತಿನಲ್ಲಿ ಕೆಲವೇ ಗಂಟೆ ನಿಲ್ಲುವುದು ಈ ಕಾರಣಕ್ಕೆ. ಕಾಗದದ ಮೇಲೆ ಅದೂ ‘ಒಂದು ಬಂದರು’ ಎಂದೇ ಎಣಿಕೆಯಾಗುತ್ತದೆ.

ಆದ್ದರಿಂದ ಬಂದರುಗಳ ಸಂಖ್ಯೆಗೆ ಮಾರುಹೋಗದೆ ಪ್ರತಿಯೊಂದರ ಎದುರಿರುವ ಗಂಟೆಗಳನ್ನು ಕೂಡಿ. ಬೆಳಿಗ್ಗೆ 8ರಿಂದ ಸಂಜೆ 5 ಎಂದಿದ್ದರೆ ಕೈಗೆ ಸಿಗುವುದು ಏಳು ಗಂಟೆ. ಇಳಿಯಲು ಸ್ವಲ್ಪ ಹೊತ್ತು ಹೋಗುತ್ತದೆ, ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿರಬೇಕು. ಹೆಸರಿನ ಪಕ್ಕ ‘ಟೆಂಡರ್’ ಎಂಬ ಗುರುತಿದ್ದರೆ ಹಡಗು ದಡಕ್ಕೆ ತಾಗದೆ ದೂರದಲ್ಲಿ ಲಂಗರು ಹಾಕುತ್ತದೆ. ಸಣ್ಣ ದೋಣಿಗಳಲ್ಲಿ ಸರದಿಯಂತೆ ದಡಕ್ಕೆ ಕರೆದೊಯ್ಯುತ್ತಾರೆ. ಅಲೆ ಜೋರಾಗಿದ್ದರೆ ಮೊದಲು ರದ್ದಾಗುವುದು ಇಂಥ ನಿಲುಗಡೆಗಳೇ. ಗಾಲಿಕುರ್ಚಿ ಬಳಸುವವರು ಟೆಂಡರ್ ಬಂದರುಗಳಿರುವ ದಾರಿಯನ್ನು ಆರಿಸುವ ಮುನ್ನ ಕಂಪನಿಯನ್ನು ಬರಹದಲ್ಲಿಯೇ ಕೇಳಿ ಉತ್ತರ ಪಡೆಯಬೇಕು.

ನನ್ನ ಮಟ್ಟಿಗಿನ ಸೂತ್ರ ಹೀಗಿದೆ: ನಾಲ್ಕು ರಾತ್ರಿಯವರೆಗಿನ ಯಾನದಲ್ಲಿ ಹಡಗಿಗೆ ಮೊದಲ ಮಣೆ, ಏಳು ರಾತ್ರಿ ಮತ್ತು ಮೇಲ್ಪಟ್ಟು ದಾರಿಗೆ ಮೊದಲ ಮಣೆ.

4. ಆ ತಿಂಗಳ ಕಡಲು ಹೇಗಿರುತ್ತದೆ?

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಅದರ ಅಬ್ಬರ ಹೆಚ್ಚು. ಸೌತಾಂಪ್ಟನ್‌ನಿಂದ ದಕ್ಷಿಣಕ್ಕೆ ಹೋಗುವ ಹಡಗುಗಳು ದಾಟುವ, ಫ್ರಾನ್ಸ್ ಮತ್ತು ಸ್ಪೇನ್ ಕರಾವಳಿಯ ಬಿಸ್ಕೆ ಕೊಲ್ಲಿ ಚಳಿಗಾಲದಲ್ಲಿ ಒರಟು. ಕೆಲವು ಬಂದರುಗಳಲ್ಲಿ ಚಳಿಗಾಲದ ಮಂಜು ಕವಿದು ಹಡಗು ಹೊರಗೇ ಕಾಯಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ದಾರಿ ಬದಲಿಸುವ, ನಿಲುಗಡೆ ಕೈಬಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಟಿಕೆಟ್ ಒಪ್ಪಂದದಲ್ಲಿ ಅದಕ್ಕೆ ನೀವು ಒಪ್ಪಿರುತ್ತೀರಿ, ಹೆಚ್ಚಿನ ಸಲ ಮರಳಿ ಸಿಗುವುದು ಆ ಬಂದರಿನ ಶುಲ್ಕ ಮಾತ್ರ. ‘ಆ ಒಂದು ದ್ವೀಪ ನೋಡಲೇಬೇಕು’ ಎಂದು ಹಟವಿದ್ದರೆ ಚಂಡಮಾರುತದ ತಿಂಗಳುಗಳನ್ನು ಬಿಡಿ. ಎಲ್ಲಿಗೆ ಹೋದರೂ ಸರಿ ಎನ್ನುವವರಿಗೆ ಅದೇ ಅಗ್ಗದ ಕಾಲ.

5. ಈಗ ಹಡಗು

ಹಡಗಿನ ಗಾತ್ರವನ್ನು ಗ್ರಾಸ್ ಟನೇಜ್‌ನಲ್ಲಿ ಹೇಳುತ್ತಾರೆ. ಟನ್ ಎಂಬ ಸದ್ದು ಕೇಳಿದರೂ ಅದು ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ಆ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗ ಎಂದು ತಿಳಿಯುತ್ತದೆ. 30ಕ್ಕಿಂತ ಕೆಳಗಿದ್ದರೆ ಇಕ್ಕಟ್ಟು, 40ರ ಹತ್ತಿರವಿದ್ದರೆ ಹದ, 50 ದಾಟಿದರೆ ವಿಶಾಲ ಎಂಬುದು ಬಳಕೆಯಲ್ಲಿರುವ ಸ್ಥೂಲ ಅಂದಾಜು.

2024ರಲ್ಲಿ ಸಂಚಾರ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗನ್ನೇ ತೆಗೆದುಕೊಳ್ಳಿ. ಅದರ ಗ್ರಾಸ್ ಟನೇಜ್ 2,48,663. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ತಲೆಗೆ 44. ಆದರೆ ಮೂರನೆಯ, ನಾಲ್ಕನೆಯ ಹಾಸಿಗೆಗಳೂ ತುಂಬಿದರೆ ಪ್ರಯಾಣಿಕರು 7,600ರವರೆಗೆ ಏರಬಹುದು, ಆಗ ತಲೆಗೆ 33ರಷ್ಟೇ. ಹಡಗು ಅದೇ, ಬದಲಾದದ್ದು ಕ್ಯಾಲೆಂಡರ್. ಹೆಚ್ಚುವರಿ ಹಾಸಿಗೆಗಳು ತುಂಬುವುದು ಮಕ್ಕಳೊಂದಿಗೆ ಕುಟುಂಬಗಳು ಬರುವ ಶಾಲಾ ರಜೆಯಲ್ಲಿ. ಸುಮಾರು 1,49,000 ಟನೇಜ್‌ಗೆ ಸುಮಾರು 2,700 ಮಂದಿಯನ್ನು ಕರೆದೊಯ್ಯುವ ಕ್ವೀನ್ ಮೇರಿ 2ರಲ್ಲಿ ಈ ಅಂಕಿ 55. ಜಾಹೀರಾತು ‘ವಿಶ್ವದ ಅತಿದೊಡ್ಡ’ ಎಂದಾಗ ಈ ಭಾಗಾಕಾರ ಮಾಡಿ ನೋಡಿ, ದೊಡ್ಡದು ಮತ್ತು ವಿಶಾಲ ಎರಡೂ ಒಂದೇ ಅಲ್ಲ.

ವಯಸ್ಸಿಗಿಂತ ನವೀಕರಣದ ವರ್ಷ ಮುಖ್ಯ. ಹದಿನೈದು ವರ್ಷದ ಹಡಗು ಇತ್ತೀಚೆಗೆ ಡ್ರೈಡಾಕ್‌ನಿಂದ, ಅಂದರೆ ನೀರು ಖಾಲಿ ಮಾಡಿ ಹಡಗನ್ನು ದುರಸ್ತಿ ಮಾಡುವ ಕಟ್ಟೆಯಿಂದ, ಹೊರಬಂದಿದ್ದರೆ ಕ್ಯಾಬಿನ್‌ಗಳು ಹೊಸದರಂತೆಯೇ ಇರುತ್ತವೆ. ಒಳಾಂಗಣದ ವೀಡಿಯೊ ನೋಡುವಾಗ ದಿನಾಂಕ ನೋಡಿ, ನವೀಕರಣಕ್ಕೆ ಮೊದಲಿನದಾದರೆ ಅದರಿಂದ ಪ್ರಯೋಜನವಿಲ್ಲ.

ಹಡಗಿನಲ್ಲಿ ಜೊತೆಗಿರುವವರು ಯಾರು ಎಂಬುದೂ ಅನುಭವವನ್ನು ತೀರ್ಮಾನಿಸುತ್ತದೆ. ವಾರಾಂತ್ಯದ ಮೂರು ರಾತ್ರಿಯ ಯಾನದಲ್ಲಿ ಗೆಳೆಯರ ಗುಂಪುಗಳು, ತಡರಾತ್ರಿಯ ಸಂಗೀತ, ಗದ್ದಲ. ಅದೇ ಹಡಗು ವಾರದ ನಡುವೆ ಹೊರಟರೆ ಸ್ವಲ್ಪ ಶಾಂತ. ಎರಡು ವಾರದ ಯಾನಗಳಲ್ಲಿ ನಿವೃತ್ತರೇ ಹೆಚ್ಚು. ಮಕ್ಕಳಿದ್ದರೆ ಮಕ್ಕಳ ಕೂಟಕ್ಕೆ ಸೇರಿಸಿಕೊಳ್ಳುವ ವಯಸ್ಸು ಕೇಳಿ, ಸಾಮಾನ್ಯವಾಗಿ ಅದು ಮೂರು ವರ್ಷದಿಂದ ಶುರು. ಆರು ತಿಂಗಳಿಗಿಂತ ಚಿಕ್ಕ ಕೂಸನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವ ದೀರ್ಘ ಯಾನಗಳಲ್ಲಿ ಈ ಮಿತಿ ಒಂದು ವರ್ಷ. ಯಾನ ಮುಗಿಯುವ ಮುನ್ನ ಗರ್ಭಾವಸ್ಥೆಯ 24ನೇ ವಾರ ಆರಂಭವಾಗುವಂತಿದ್ದರೂ ಸಾಮಾನ್ಯವಾಗಿ ಅವಕಾಶವಿಲ್ಲ.

ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ನೈರ್ಮಲ್ಯವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿ ನೂರಕ್ಕೆ ಅಂಕ ಕೊಡುತ್ತದೆ, 86 ಮತ್ತು ಮೇಲೆ ಬಂದರೆ ತೇರ್ಗಡೆ. ವರದಿಗಳು ಸಾರ್ವಜನಿಕ. ನಿಮ್ಮ ಹಡಗು ಅಲ್ಲಿಗೆ ಹೋಗುವಂಥದ್ದಾದರೆ ಐದು ನಿಮಿಷ ಕೊಟ್ಟು ಓದಿ. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು.

6. ಕ್ಯಾಬಿನ್: ಮೇಲೇನು, ಕೆಳಗೇನು?

ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯ ಕೋಣೆ, ಬಾಲ್ಕನಿ, ಸ್ವೀಟ್ ಎಂಬ ನಾಲ್ಕು ಮೆಟ್ಟಿಲುಗಳು ಎಲ್ಲರಿಗೂ ಗೊತ್ತು. ಮೂರು ರಾತ್ರಿಗೆ ಒಳಕೋಣೆ ಸಾಕು ಎಂಬುದು ನನ್ನ ಅಭಿಪ್ರಾಯ, ನಿದ್ದೆಗಲ್ಲದೆ ಯಾರೂ ಅಲ್ಲಿರುವುದಿಲ್ಲ. ಸಮುದ್ರದಲ್ಲೇ ಕಳೆಯುವ ದಿನಗಳು ಹೆಚ್ಚಿದ್ದರೆ ಬಾಲ್ಕನಿಗೆ ಕೊಟ್ಟ ಹಣ ದಂಡವಾಗುವುದಿಲ್ಲ.

ದರ್ಜೆಗಿಂತ ಜಾಗ ಮುಖ್ಯ. ಅಂತಸ್ತುಗಳ ನಕ್ಷೆ, ಅಂದರೆ ಡೆಕ್ ಪ್ಲಾನ್, ತೆರೆದು ನಿಮ್ಮ ಕೋಣೆಯ ನೆತ್ತಿಯ ಮೇಲೆ ಮತ್ತು ಪಾದದ ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಅಂಗಳವಿದ್ದರೆ ಬೆಳಗಿನ ಜಾವ ಸಿಬ್ಬಂದಿ ಕುರ್ಚಿಗಳನ್ನು ಸಾಲಾಗಿ ಎಳೆದು ಜೋಡಿಸುವ ಕರಕರ ಸದ್ದಿಗೆ ಎಚ್ಚರವಾಗುತ್ತದೆ. ಕೆಳಗೆ ರಂಗಮಂದಿರವಿದ್ದರೆ ನಡುರಾತ್ರಿಯವರೆಗೆ ಡೋಲಿನ ಪೆಟ್ಟು ನೆಲದಿಂದ ಹಾಸಿಗೆಗೆ ಏರುತ್ತದೆ. ಮುಂಭಾಗದ ಕೆಳ ಅಂತಸ್ತಿನಲ್ಲಿ, ಟೆಂಡರ್ ಬಂದರಿನ ಬೆಳಿಗ್ಗೆ, ಲಂಗರಿನ ಸರಪಳಿ ಉರುಳುವ ಆರ್ಭಟ ಅಲಾರಂಗಿಂತ ಖಚಿತ. ನಕ್ಷೆಯಲ್ಲಿ ಏನೂ ಬರೆಯದೆ ಬಿಟ್ಟ ಬಿಳಿ ಜಾಗವೂ ಖಾಲಿಯಲ್ಲ, ಅಡುಗೆಮನೆ ಅಥವಾ ಸಿಬ್ಬಂದಿಯ ದಾರಿ ಅಲ್ಲಿರಬಹುದು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಅಂತಸ್ತು ಎಲ್ಲಕ್ಕಿಂತ ಕ್ಷೇಮ. ಪಕ್ಕದ ಕೋಣೆಗೆ ನಡುಬಾಗಿಲಿನ ಗುರುತಿದ್ದರೆ ಆ ಬಾಗಿಲಿನ ಸಂದಿಯಿಂದ ಮಾತು ದಾಟುತ್ತದೆ.

ಹೊಟ್ಟೆ ತೊಳಸುವ ಸ್ವಭಾವದವರು ಹಡಗಿನ ಉದ್ದದ ಮಧ್ಯಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೋಣೆ ಹಿಡಿಯಬೇಕು. ಹಡಗಿನ ಪಕ್ಕಗಳಿಂದ ನೀರಿಗೆ ಚಾಚುವ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ಎಡಬಲ ಹೊಯ್ದಾಟವನ್ನು ತಗ್ಗಿಸುತ್ತವೆ. ಮುಂದೆ ಹಿಂದೆ ಎದ್ದು ಬೀಳುವುದನ್ನು ತಡೆಯುವುದು ಅವುಗಳಿಂದಾಗದು.

ಕೋಣೆಯ ಸಂಖ್ಯೆಯನ್ನು ಕಂಪನಿಯೇ ಹಂಚುವ ‘ಗ್ಯಾರಂಟಿ’ ದರ ಅಗ್ಗ. ಆದರೆ ಗ್ಯಾರಂಟಿ ಇರುವುದು ದರ್ಜೆಗೆ, ಜಾಗಕ್ಕಲ್ಲ.

7. ಮೂಗಿಗಿಂತ ಮೂಗುತಿ ಭಾರವಾಗದಂತೆ

ಜಾಹೀರಾತಿನ ದರ ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಎಷ್ಟೋ ಕಡೆ ಇಬ್ಬರ ದರವನ್ನೂ ಕಟ್ಟಬೇಕು. ಹಡಗುಗಳನ್ನು ಹೋಲಿಸುವಾಗ ಮೂಲ ದರಕ್ಕೆ ಇಷ್ಟನ್ನು ಕೂಡಿಸಿ: ತೆರಿಗೆ ಮತ್ತು ಬಂದರು ಶುಲ್ಕ, ತಲೆಗೆ ದಿನಕ್ಕಿಷ್ಟು ಎಂದು ತಾನಾಗಿ ಸೇರುವ ಟಿಪ್ಸ್, ಪಾನೀಯಗಳು, ಇಂಟರ್ನೆಟ್, ಪ್ರತ್ಯೇಕ ಹಣ ಕೇಳುವ ರೆಸ್ಟೋರೆಂಟ್‌ಗಳು, ದಡದ ಸುತ್ತಾಟ, ವಿಮೆ, ಬಂದರಿನಲ್ಲಿ ಅಷ್ಟೂ ದಿನ ಕಾರು ನಿಲ್ಲಿಸುವ ಬಾಡಿಗೆ. ಬಂದ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ. ಮೇಲ್ನೋಟಕ್ಕೆ ದುಬಾರಿಯಾಗಿ ಕಂಡ, ಎಲ್ಲವನ್ನೂ ಒಳಗೊಂಡ ಹಡಗು ಈ ಲೆಕ್ಕದಲ್ಲಿ ಅಗ್ಗವಾಗಿ ಹೊರಬರುವುದು ಅಪರೂಪವಲ್ಲ. ಪಾನೀಯದ ಪ್ಯಾಕೇಜ್ ಕೊಳ್ಳುವ ಮುನ್ನ ಒಂದು ಕೋಣೆಯ ವಯಸ್ಕರೆಲ್ಲರೂ ಕೊಳ್ಳಲೇಬೇಕೇ ಎಂದು ಕೇಳಿ, ಹಲವು ಕಂಪನಿಗಳ ನಿಯಮ ಹಾಗಿದೆ.

ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲು ಬರುತ್ತದೆ. ಅದಕ್ಕೆ ಮುನ್ನ ಬೆಲೆ ಇಳಿದರೆ ಎಷ್ಟೋ ಕಂಪನಿಗಳು ಕೇಳಿದವರಿಗೆ ಹೊಂದಿಸಿಕೊಡುತ್ತವೆ, ಕೇಳದವರಿಗೆ ತಾವಾಗಿ ಕೊಡುವುದಿಲ್ಲ. ಗಡುವಿನ ಹಿಂದಿನ ವಾರ ಒಮ್ಮೆ ದರ ನೋಡಿ.

8. ಕಾಗದಪತ್ರ ಮತ್ತು ವಿಮೆ

ಬಂದರು ಹತ್ತಿರವೆಂದ ಮಾತ್ರಕ್ಕೆ ಪ್ರಯಾಣ ದೇಶದೊಳಗಿನದಲ್ಲ. ಯಾನ ಮುಗಿದ ಮೇಲೂ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ದಾರಿಯ ಪ್ರತಿ ದೇಶದ ವೀಸಾ ನಿಯಮ ಓದಿ, ಹಡಗಿನಿಂದ ಇಳಿಯುವುದಿಲ್ಲ ಎಂದರೂ ಕೆಲವೆಡೆ ವೀಸಾ ಕೇಳುತ್ತಾರೆ. ವೀಸಾದ ಮೇಲೆ ಬೇರೆ ದೇಶದಲ್ಲಿ ನೆಲೆಸಿರುವವರು ಮರುಪ್ರವೇಶಕ್ಕೆ ಅವಕಾಶವಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಮುಂಗಡ ಕಟ್ಟಬಾರದು.

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅದು ಚಿಕಿತ್ಸಾಲಯ, ದೊಡ್ಡ ಆಸ್ಪತ್ರೆಯಲ್ಲ. ಶುಲ್ಕವೂ ಗಟ್ಟಿ. ಮನೆಯಲ್ಲಿರುವ ಆರೋಗ್ಯ ವಿಮೆ ಸಮುದ್ರದ ಮೇಲೆ ನಡೆಯದಿರಬಹುದು. ಹೆಲಿಕಾಪ್ಟರ್ ಮೂಲಕ ದಡಕ್ಕೆ ಸಾಗಿಸುವ ವೆಚ್ಚವನ್ನು ಭರಿಸುವ ಪ್ರಯಾಣ ವಿಮೆಯನ್ನೇ ಕೊಳ್ಳಿ.

9. ಹತ್ತುವ ದಿನ, ಇಳಿಯುವ ದಿನ

ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್‌ನಲ್ಲಿ ಕೊಟ್ಟರೆ ಅವು ಕೋಣೆ ಸೇರುವುದು ಸಂಜೆಗೆ. ಔಷಧ, ಪಾಸ್‌ಪೋರ್ಟ್, ಚಾರ್ಜರ್, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹತ್ತಿದ ಕೂಡಲೇ ಸುರಕ್ಷತಾ ಕವಾಯತು ಮುಗಿಸಿ. ಈಗ ಹಲವು ಹಡಗುಗಳಲ್ಲಿ ಮೊಬೈಲ್‌ನಲ್ಲಿ ವೀಡಿಯೊ ನೋಡಿ, ನಿಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಮುಖ ತೋರಿಸಿದರೆ ಆಯಿತು. ಹಿಂದೆ ಇದನ್ನು ಹೊರಟ 24 ಗಂಟೆಯೊಳಗೆ ಮಾಡಿದರೂ ನಡೆಯುತ್ತಿತ್ತು. 2012ರ ಜನವರಿ 13ರಂದು ಚಿವಿಟಾವೆಕ್ಕಿಯಾದಿಂದ ಹೊರಟ ಕೋಸ್ಟಾ ಕಾಂಕಾರ್ಡಿಯಾ ಅದೇ ರಾತ್ರಿ ಬಂಡೆಗೆ ಬಡಿದು 32 ಮಂದಿ ಸತ್ತರು. ಆ ಸಂಜೆ ಹತ್ತಿದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. 2015ರಿಂದ ಕವಾಯತು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ.

ಮರಳುವ ಬೆಳಿಗ್ಗೆ, ತಮ್ಮ ಪೆಟ್ಟಿಗೆ ತಾವೇ ಹೊತ್ತು ಇಳಿಯುವವರನ್ನು ಮೊದಲು ಬಿಡುತ್ತಾರೆ. ಊರು ಹತ್ತಿರವಿದ್ದು ಲಗೇಜ್ ಕಡಿಮೆಯಿದ್ದರೆ ಇದೇ ಒಳ್ಳೆಯ ದಾರಿ. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿ ಬಾಗಿಲ ಹೊರಗಿಟ್ಟವರು ಬಣ್ಣದ ಚೀಟಿಯ ಸರದಿ ಕಾಯಬೇಕು. ಯಾವ ದಾರಿ ಹಿಡಿದರೂ ಆ ದಿನ ಮಧ್ಯಾಹ್ನಕ್ಕೆ ಮೊದಲು ಕಚೇರಿಯ ಸಭೆ ಇಟ್ಟುಕೊಳ್ಳಬೇಡಿ. ಮಂಜು ಕವಿದರೆ ಬಂದರು ಕಣ್ಣೆದುರಿಗಿದ್ದರೂ ಹಡಗು ಹೊರಗೇ ನಿಂತಿರುತ್ತದೆ.